ಬಿಸಿಲಿಗೆ ಮುಷ್ಕರ ಹೂಡುವ ಸೆಲ್ಫ್



ಬೆಳಿಗ್ಗೆ ಅಂಗಳದಲ್ಲಿ ಒಂದೇ ಏಟಿಗೆ ಚಾಲೂ ಆದ ಜೀಪು, ಅಡಿಕೆ ಮೂಟೆ ಹೇರಿಕೊಂಡು ಘಾಟಿ ಹತ್ತಿ ಪೇಟೆಯಲ್ಲಿ ನಿಂತಿತೆಂದರೆ ಮತ್ತೆ ಏಳುವುದಿಲ್ಲ. ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದು ಸದ್ದು, ಕೆಲವೊಮ್ಮೆ ಅದೂ ಇಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ. ಸಂತೆಯ ದಿನ ಇದು ಬರೀ ತಲೆನೋವು. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ ಪ್ರಾಣದ ಪ್ರಶ್ನೆ.

ಕಾರಣ ಸರಳ. ಗಾಡಿ ನಿಂತೊಡನೆ ತಂಪುಗಾಳಿ ನಿಲ್ಲುತ್ತದೆ; ಹೊಗೆಕೊಳವೆಯ ಕಾವು ಹತ್ತಿರದ ಸ್ಟಾರ್ಟರಿಗೆ ಏರುತ್ತದೆ. ತಾಮ್ರದ ತಂತಿ ಕಾದಂತೆ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ಶೇಕಡಾ 0.4ರಷ್ಟು ಅದರ ರೋಧ ಹೆಚ್ಚುತ್ತದೆ. 30 ಡಿಗ್ರಿಯಿಂದ 100 ಡಿಗ್ರಿಗೆ ಏರಿದರೆ ಕಾಲು ಭಾಗಕ್ಕೂ ಮಿಗಿಲು. ಆಗ ಸೊಲೆನಾಯ್ಡ್ ಸುರುಳಿಯ ಎಳೆತ ಕುಂದುತ್ತದೆ. ಸಂಪರ್ಕಗಳೆಲ್ಲ ಶುದ್ಧವಾಗಿದ್ದರೆ ಅದು ಇಷ್ಟನ್ನು ತಾಳಿಕೊಳ್ಳುತ್ತದೆ. ತುಕ್ಕು, ಸಡಿಲ ಸೇರಿದರೆ ಸೋಲುತ್ತದೆ. ಎಂದರೆ ಬಿಸಿಲು ರೋಗವಲ್ಲ, ಒಳಗಿದ್ದ ರೋಗವನ್ನು ಹೊರಗೆಡಹುವ ನೆಪ.

ಮೊದಲು ಸದ್ದು ಕೇಳಿ. ಟಕ-ಟಕ ಎಂದು ಬಡಿದುಕೊಂಡರೆ ಬ್ಯಾಟರಿ ಅಥವಾ ಅದರ ಕ್ಲಾಂಪು ನೋಡಿ. ಒಂದೇ ‘ಟಕ್’ ಆಗಿ ಮೋಟಾರು ತಿರುಗದಿದ್ದರೆ ದಪ್ಪ ಕೇಬಲ್ಲು, ಸೊಲೆನಾಯ್ಡಿನ ಒಳಗಿನ ಸುಟ್ಟ ತಾಮ್ರದ ಸಂಪರ್ಕ, ಇಲ್ಲವೆ ಸವೆದ ಬ್ರಷ್. ಸದ್ದೇ ಇಲ್ಲದಿದ್ದರೆ ಕೀಲಿಯಿಂದ ಬರುವ ಸಣ್ಣ ತಂತಿಯನ್ನು ಶಂಕಿಸಿ. ಎಂಜಿನ್ನು ಜೋರಾಗಿ ತಿರುಗಿಯೂ ಹತ್ತದಿದ್ದರೆ ತಪ್ಪು ಸ್ಟಾರ್ಟರಿನದಲ್ಲ, ಇಂಧನದ್ದು ಅಥವಾ ಕಿಡಿಯದು.

ಗಾಡಿ ಕಾದು ಹಟ ಹಿಡಿದಿರುವಾಗಲೇ ಮೀಟರ್ ಇಟ್ಟು ನೋಡಬೇಕು. ತಣಿದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. 12 ವೋಲ್ಟಿನ ಬ್ಯಾಟರಿ ತುಂಬಿದ್ದಾಗ 12.6ರ ಆಸುಪಾಸು ತೋರಬೇಕು. ಸೆಲ್ಫ್ ಹೊಡೆಯುವಾಗ ಸುಮಾರು 9.6ಕ್ಕಿಂತ ಕೆಳಗಿಳಿಯಬಾರದು. ಬಳಿಕ ಒಬ್ಬರು ಕೀಲಿ ತಿರುಗಿಸುತ್ತಿರಲಿ, ಇನ್ನೊಬ್ಬರು ಬ್ಯಾಟರಿಯ ಋಣ ಕಂಬಕ್ಕೂ ಎಂಜಿನ್ನಿನ ಮೈಗೂ ನಡುವೆ ಅಳೆಯಲಿ. ಅರ್ಧ ವೋಲ್ಟ್ ದಾಟಿದರೆ ಅರ್ತಿಂಗ್ ಕೆಟ್ಟಿದೆ ಎಂದೇ ಅರ್ಥ. 200 ಆಂಪಿಯರ್ ಹರಿಯುವಲ್ಲಿ ಓಮಿನ ಸಾವಿರದ ಐದು ಭಾಗದಷ್ಟು ಅಡ್ಡಿಯೂ ಒಂದು ವೋಲ್ಟನ್ನು ನುಂಗುತ್ತದೆ. ಕೇಬಲ್ ಬಿಚ್ಚಿ, ಮರಳುಕಾಗದದಲ್ಲಿ ಉಜ್ಜಿ, ಬಿಗಿಯಾಗಿ ಕಟ್ಟಿದರೆ ಸಾಕಾಗುವುದುಂಟು. ಬಿಚ್ಚುವಾಗ ಋಣ ಕೇಬಲ್ ಮೊದಲು, ಕಟ್ಟುವಾಗ ಅದೇ ಕೊನೆಗೆ.

ಸಣ್ಣ ತಂತಿಯ ತುದಿಗೆ ಬ್ಯಾಟರಿಗಿಂತ ಒಂದು ವೋಲ್ಟಿಗೂ ಹೆಚ್ಚು ಕಡಿಮೆ ಬರುತ್ತಿದ್ದರೆ, ಬ್ಯಾಟರಿಯಿಂದ ಫ್ಯೂಸಿನ ಮೂಲಕ ನೇರ ತಂತಿ ಎಳೆದು 30 ಆಂಪಿಯರಿನ ರಿಲೇ ಹಾಕಿಸಿ. ಕೀಲಿ ರಿಲೇಯನ್ನಷ್ಟೇ ಎಚ್ಚರಿಸುತ್ತದೆ. ಸೊಲೆನಾಯ್ಡಿಗೆ ಬೇಕಾದ ಕರೆಂಟು ಹತ್ತಿರದಿಂದಲೇ ಸಿಗುತ್ತದೆ. ಹೊಗೆಕೊಳವೆಗೂ ಸ್ಟಾರ್ಟರಿಗೂ ನಡುವಿನ ತಗಡಿನ ಮರೆ ಕಳಚಿಹೋಗಿದ್ದರೆ ಮತ್ತೆ ಹಾಕಿಸಿ. ಇಷ್ಟೂ ಮಾಡಿ ಗುಣ ಕಾಣದಿದ್ದರೆ ಮಾತ್ರ ಸ್ಟಾರ್ಟರ್ ಇಳಿಸಿ.

ಒಂದು ಎಚ್ಚರಿಕೆ. ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ಎರಡು ತುದಿ ಮುಟ್ಟಿಸಿ ಚಾಲೂ ಮಾಡುವ ಜಾಣ್ಮೆ ನಮ್ಮಲ್ಲಿ ಹಲವರಿಗಿದೆ. ಗಾಡಿ ಗೇರಿನಲ್ಲಿದ್ದರೆ ಅದು ಮುಂದೆ ಬಗ್ಗಿ ನಿಂತವನ ಮೇಲೆಯೇ ಹರಿಯುತ್ತದೆ. ಕಾವು ಇಳಿಯುವವರೆಗೆ ಕಾಯಿರಿ, ಇಲ್ಲವೆ ಇಳಿಜಾರಿನಲ್ಲಿ ನಿಲ್ಲಿಸುವ ರೂಢಿ ಇಟ್ಟುಕೊಳ್ಳಿ. ಆಗಲೂ ಕೈಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಲು ಮರೆಯಬೇಡಿ.