ಚಳಿಗಾಲದ ಸುಸ್ತಿಗೆ ವಿಟಮಿನ್ ಸಿ ಮಾತ್ರೆ: ಯಾರಿಗೆ ಬೇಕು, ಎಷ್ಟು ಬೇಕು?

ಕಾರ್ತಿಕ ಮುಗಿದು ಧನುರ್ಮಾಸ ಹತ್ತಿರವಾಗುವ ಹೊತ್ತಿಗೆ ಮೆಡಿಕಲ್ ಶಾಪ್‌ನಲ್ಲಿ ಒಂದು ಮಾತು ಪದೇ ಪದೇ ಕೇಳಿಸುತ್ತದೆ: "ಆ ಕಿತ್ತಳೆ ಬಣ್ಣದ ಚೀಪೋ ಮಾತ್ರೆ ಒಂದು ಶೀಟ್ ಕೊಡಿ." ಬೆಳಗ್ಗೆ ಏಳಲು ಮನಸ್ಸಿಲ್ಲ, ಮೈಕೈ ಭಾರ, ಮಧ್ಯಾಹ್ನಕ್ಕೇ ಸುಸ್ತು, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ನೆಗಡಿ. ಇದಕ್ಕೆಲ್ಲ ವಿಟಮಿನ್ ಸಿ ಮದ್ದು ಎಂಬ ನಂಬಿಕೆ ಹಳೆಯದು. ಕೋವಿಡ್ ಕಾಲದಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. ಮಾತ್ರೆ ಅಗ್ಗ, ರುಚಿಯೂ ಚೆನ್ನ, ಡಾಕ್ಟರ ಚೀಟಿ ಕೇಳುವವರಿಲ್ಲ. ಹಾಗಾಗಿ ಅದು ಮೈಯೊಳಗೆ ಏನು ಮಾಡುತ್ತದೆ ಎಂದು ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ.

ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಸಿಡ್, ನೀರಿನಲ್ಲಿ ಕರಗುವ ಒಂದು ಆಮ್ಲ. ಆಡು, ಹಸು, ನಾಯಿ ಇದನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ಆ ಭಾಗ್ಯವಿಲ್ಲ, ತಿನ್ನುವುದರಿಂದಲೇ ಬರಬೇಕು. ಚರ್ಮ, ಒಸಡು, ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನ್ ತಯಾರಾಗಲು ಇದು ಬೇಕು. ರೋಗಾಣುಗಳ ಜೊತೆ ಸೆಣಸುವ ಬಿಳಿ ರಕ್ತಕಣಗಳು ಇದನ್ನು ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ಕರುಳು ಹೀರಿಕೊಳ್ಳಲೂ ಇದು ನೆರವಾಗುತ್ತದೆ.

ಒಂದೆರಡು ತಿಂಗಳು ಇದು ಹೊಟ್ಟೆಗೆ ಬೀಳದೇ ಹೋದರೆ ಸ್ಕರ್ವಿ ಎಂಬ ಕಾಯಿಲೆ ಶುರುವಾಗುತ್ತದೆ. ಒಸಡಿನಲ್ಲಿ ರಕ್ತ ಬರುವುದು, ಗಾಯ ಮಾಯದಿರುವುದು ಆಮೇಲಿನ ಮಾತು. ಮೊದಲು ಕಾಣುವುದೇ ಸುಸ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ಹಡಗಿನ ವೈದ್ಯ ಹನ್ನೆರಡು ಮಂದಿ ಸ್ಕರ್ವಿ ರೋಗಿಗಳನ್ನು ಇಬ್ಬಿಬ್ಬರಂತೆ ಬೇರೆ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಎದ್ದು ಓಡಾಡಿದರು. ಸುಸ್ತಿಗೂ ವಿಟಮಿನ್ ಸಿಗೂ ನಂಟಿರುವುದು ಸುಳ್ಳಲ್ಲ. ಆದರೆ ಆ ನಂಟು ಕೊರತೆ ಇದ್ದವರಿಗೆ ಮಾತ್ರ. ಕೊರತೆಯೇ ಇಲ್ಲದವರು ನುಂಗಿದರೆ ಹೊಸ ಚೈತನ್ಯವೇನೂ ಬರುವುದಿಲ್ಲ.

ಹಾಗಾದರೆ ದಿನಕ್ಕೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ ವಯಸ್ಕ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ. ಬಸುರಿ, ಬಾಣಂತಿಯರಿಗೆ ಇನ್ನಷ್ಟು ಬೇಕು. ಅಂಗಡಿಯ ಮಾತ್ರೆಯಲ್ಲಿರುವುದು 500 ಮಿಲಿಗ್ರಾಂ. ಹೆಚ್ಚಿದ್ದರೆ ಒಳ್ಳೆಯದೇ ತಾನೆ ಎನ್ನಬಹುದು. ಕರುಳು ಹಾಗೆ ಲೆಕ್ಕ ಹಾಕುವುದಿಲ್ಲ. ಊಟದಿಂದ ಬರುವಷ್ಟು ಸಣ್ಣ ಪ್ರಮಾಣದಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ರಕ್ತ ಸೇರುತ್ತದೆ. ಒಂದೇ ಸಲಕ್ಕೆ 1,000 ಮಿಲಿಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ. ರಕ್ತ ಸೇರಿದ್ದರಲ್ಲೂ ಬೇಡವಾದದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಓವರ್‌ಹೆಡ್ ಟ್ಯಾಂಕ್ ತುಂಬಿದ ಮೇಲೂ ಮೋಟರ್ ಆಫ್ ಮಾಡದೆ ಬಿಟ್ಟ ಹಾಗೆ.

ಇನ್ನು ನೆಗಡಿಯ ವಿಚಾರ. ವಿಟಮಿನ್ ಸಿ ನೆಗಡಿ ತಡೆಯುತ್ತದೆ ಎಂಬ ಮಾತು ಎರಡು ನೊಬೆಲ್ ಪಡೆದ ಲೈನಸ್ ಪೌಲಿಂಗ್ 1970ರಲ್ಲಿ ಬರೆದ ಪುಸ್ತಕದಿಂದ ಜಗತ್ತಿಗೆಲ್ಲ ಹರಡಿತು. ಆಮೇಲೆ ನಡೆದ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಕಾಕ್ರೇನ್ ಸಂಸ್ಥೆ 2013ರಲ್ಲಿ ಒಂದು ವಿಮರ್ಶೆ ಪ್ರಕಟಿಸಿತು. ದಿನಾ 200 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ಕಡಿಮೆಯಾಗಲಿಲ್ಲ. ಬಂದ ನೆಗಡಿಯ ಅವಧಿ ಮಾತ್ರ ದೊಡ್ಡವರಲ್ಲಿ ಶೇ. 8, ಮಕ್ಕಳಲ್ಲಿ ಶೇ. 14ರಷ್ಟು ತಗ್ಗಿತು. ಅಂದರೆ ಏಳು ದಿನದ ನೆಗಡಿಯಲ್ಲಿ ದೊಡ್ಡವರಿಗೆ ಅರ್ಧ ದಿನ ಉಳಿತಾಯ! ಅದೂ ವರ್ಷವಿಡೀ ತಪ್ಪದೆ ನುಂಗಿದರೆ. ಮೂಗು ಸೋರಲು ಶುರುವಾದ ಮೇಲೆ ಅಂಗಡಿಗೆ ಓಡುವುದರಿಂದ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಮ್ಯಾರಥಾನ್ ಓಟಗಾರರು, ಕೊರೆಯುವ ಹಿಮದಲ್ಲಿ ತರಬೇತಿ ಪಡೆಯುವ ಸೈನಿಕರಂಥವರಲ್ಲಿ ನೆಗಡಿ ಅರ್ಧಕ್ಕೆ ಇಳಿದದ್ದು ನಿಜ. ಬೆಂಗಳೂರಿನ ಡಿಸೆಂಬರ್ ಚಳಿ ಆ ಲೆಕ್ಕಕ್ಕೆ ಬರುವುದಿಲ್ಲ.

ದಿನಕ್ಕೆ ಬೇಕಾದ ಆ 80 ಮಿಲಿಗ್ರಾಂ ನಮ್ಮ ಸಂತೆಯಲ್ಲೇ ಇದೆ. ನೂರು ಗ್ರಾಂ ಸೀಬೆಹಣ್ಣಿನಲ್ಲಿ, ಉತ್ತರ ಕರ್ನಾಟಕದವರ ಪೇರಲದಲ್ಲಿ, ಸುಮಾರು 200 ಮಿಲಿಗ್ರಾಂ ಇರುತ್ತದೆ. ಅರ್ಧ ಹಣ್ಣು ತಿಂದರೂ ಸಾಕು. ತುಳಸಿ ಹಬ್ಬದಲ್ಲಿ ಕಟ್ಟೆಗೆ ಸಿಕ್ಕಿಸುವ ಬೆಟ್ಟದ ನೆಲ್ಲಿ ಅದಕ್ಕೂ ಒಂದು ಕೈ ಮೇಲು. ದಪ್ಪಗಿರುವ ಒಂದು ಕಾಯಿಗೆ ದಿನದ ಲೆಕ್ಕ ಮುಗಿಯಿತು. ನುಗ್ಗೆಸೊಪ್ಪು, ದಪ್ಪ ಮೆಣಸಿನಕಾಯಿ, ಪರಂಗಿ, ಕಿತ್ತಳೆ ಎಲ್ಲವೂ ಸರಿಯೇ. ನಿಂಬೆಗೆ ಮಾತ್ರ ಇರುವುದಕ್ಕಿಂತ ಹೆಚ್ಚು ಹೆಸರು. ಒಂದು ಹಣ್ಣಿನ ರಸದಲ್ಲಿ ಸಿಗುವುದು ಇಪ್ಪತ್ತು ಮಿಲಿಗ್ರಾಂ ಆಸುಪಾಸು. ಕಾಯಿಸಿದರೆ ಅದೂ ಕರಗುತ್ತದೆ, ಹಾಗಾಗಿ ಒಲೆ ಆರಿಸಿದ ಮೇಲೆ ಹಿಂಡಿ. ನೆಲ್ಲಿಕಾಯಿಯನ್ನೂ ಬೇಯಿಸುವ ಬದಲು ಹಸಿಯಾಗಿ ರುಬ್ಬಿ ಮಜ್ಜಿಗೆಗೆ ಬೆರೆಸಿ ತಂಬುಳಿ ಮಾಡಿದರೆ ಹೆಚ್ಚು ಉಳಿಯುತ್ತದೆ.

ಸೀಬೆಹಣ್ಣು, ಕಿತ್ತಳೆ ಚಳಿಗಾಲದಲ್ಲಿ ಶೀತ ಅಲ್ಲವೇ? ಇದು ಎಲ್ಲ ಅಜ್ಜಿಯರ ಪ್ರಶ್ನೆ. ನೆಗಡಿ ತರುವುದು ವೈರಸ್, ಹಣ್ಣಲ್ಲ. ಫ್ರಿಜ್ಜಿನಿಂದ ತೆಗೆದ ತಕ್ಷಣ ತಿಂದರೆ ಕೆಲವರಿಗೆ ಗಂಟಲು ಕೆರೆಯಬಹುದು. ಮಧ್ಯಾಹ್ನ, ಹೊರಗಿಟ್ಟ ಹಣ್ಣು ತಿಂದರಾಯಿತು.

ಮಾತ್ರೆ ನಿಜಕ್ಕೂ ಬೇಕಾದವರೂ ಇದ್ದಾರೆ. ಹಲ್ಲಿಲ್ಲದೆ ಗಂಜಿ, ಅನ್ನ-ಸಾರಿನಲ್ಲೇ ದಿನ ದೂಡುವ ಹಿರಿಯರು, ವಿಪರೀತ ಕುಡಿಯುವವರು, ಡಯಾಲಿಸಿಸ್‌ನಲ್ಲಿರುವವರು, ಕರುಳಿನ ಕಾಯಿಲೆಯಿಂದ ಊಟ ಮೈಗೆ ಹತ್ತದವರು. ಬೀಡಿ, ಸಿಗರೇಟು ಸೇದುವವರಿಗೂ ಅಗತ್ಯ ಸ್ವಲ್ಪ ಜಾಸ್ತಿ. ಇಂಥವರು ಡಾಕ್ಟರನ್ನು ಕೇಳಿ ಶುರು ಮಾಡಲಿ. ಕಿಡ್ನಿಯಲ್ಲಿ ಕಲ್ಲಾಗಿದ್ದವರು ಎಚ್ಚರ. ಹೆಚ್ಚಾದ ವಿಟಮಿನ್ ಸಿಯಲ್ಲಿ ಒಂದು ಭಾಗ ಆಕ್ಸಲೇಟ್ ಆಗುತ್ತದೆ, ಬಹುಪಾಲು ಕಲ್ಲುಗಳಲ್ಲಿ ಇರುವುದು ಅದೇ. ದಿನಕ್ಕೆ 2,000 ಮಿಲಿಗ್ರಾಂ ದಾಟಿದರೆ ಹೊಟ್ಟೆನೋವು, ಭೇದಿ ಆಗಬಹುದು. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು: ಹೆಚ್ಚಿನ ಡೋಸ್ ಇದ್ದಾಗ ಕೆಲವು ಗ್ಲುಕೋಮೀಟರ್‌ಗಳು ತಪ್ಪು ಅಂಕಿ ತೋರಿಸುತ್ತವೆ.

ಕೊಳ್ಳುವಾಗ ಶೀಟ್ ತಿರುಗಿಸಿ ನೋಡಿ. ಚೀಪುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಆಸ್ಕಾರ್ಬಿಕ್ ಆಸಿಡ್ ಜೊತೆ ಸೋಡಿಯಂ ಆಸ್ಕಾರ್ಬೇಟ್ ಎಂದೂ ಬರೆದಿರುತ್ತದೆ. ಅದು ಇದರದೇ ಹುಳಿ ಕಡಿಮೆಯಾದ ರೂಪ. ಸಕ್ಕರೆಯೂ ಇರುತ್ತದೆ. ಬಾಯಲ್ಲಿ ಗಂಟೆಗಟ್ಟಲೆ ಇಟ್ಟುಕೊಳ್ಳಬೇಡಿ, ಹಲ್ಲಿನ ಮೇಲ್ಪದರ ಸವೆಯುತ್ತದೆ. ಕಂದು ಚುಕ್ಕೆ ಬಿದ್ದಿದ್ದರೆ ಗಾಳಿ, ತೇವ ತಗುಲಿ ಕೆಟ್ಟಿದೆ ಎಂದರ್ಥ. ಹೆಸರಾಂತ ಕಂಪನಿಯ 500 ಮಿಲಿಗ್ರಾಂ ಮಾತ್ರೆ ಒಂದಕ್ಕೆ ಎರಡು ರೂಪಾಯಿ ಆಸುಪಾಸು. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ನೀರಿಗೆ ಹಾಕಿದರೆ ಬುಸ್ಸೆಂದು ಕರಗುವ ಎಫರ್ವೆಸೆಂಟ್ ಮಾತ್ರೆಗೆ ಅದರ ಹಲವು ಪಟ್ಟು ಬೆಲೆ. ಹೆಚ್ಚಿನ ದುಡ್ಡು ಹೋಗುವುದು ಗುಳ್ಳೆಗೆ ಮತ್ತು ಚಂದದ ಟ್ಯೂಬಿಗೆ. ಗುಳ್ಳೆ ಬರಲು ಅದರಲ್ಲಿ ಅಡುಗೆ ಸೋಡ ಹಾಕಿರುತ್ತಾರೆ. ಬಿ.ಪಿ. ಇದ್ದವರಿಗೆ ಆ ಸೋಡಿಯಂ ಬೇಡ.

ಎರಡು-ಮೂರು ವಾರವಾದರೂ ಸುಸ್ತು ಇಳಿಯದಿದ್ದರೆ ಇನ್ನೊಂದು ಶೀಟ್ ತರಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಚಳಿಯ ಮೇಲೆ ಹೊರಿಸುವ ಸುಸ್ತಿನಲ್ಲಿ ಇದರ ಪಾಲು ದೊಡ್ಡದೆಂದು ನನ್ನ ಅಂದಾಜು. ರಾಗಿಮುದ್ದೆ, ಸೊಪ್ಪಿನ ಸಾರಿನ ಜೊತೆ ಒಂದು ಹೋಳು ನಿಂಬೆ ಹಿಂಡಿಕೊಂಡರೆ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ ಕುಡಿದರೆ ಆ ಲಾಭ ಹೋಯಿತು, ಒಂದು ಗಂಟೆ ತಡೆಯಿರಿ. ಥೈರಾಯ್ಡ್ ಕಡಿಮೆಯಾದರೂ ಸುಸ್ತು, ಜೊತೆಗೆ ಚಳಿ ತಡೆಯಲಾಗುವುದಿಲ್ಲ. ಶುದ್ಧ ಸಸ್ಯಾಹಾರಿಗಳಿಗೆ ಬಿ12 ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಯೂ ಸುಸ್ತಿನ ರೂಪದಲ್ಲೇ ಬಾಗಿಲು ತಟ್ಟುವುದುಂಟು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಸಕ್ಕರೆ ಪರೀಕ್ಷೆಯನ್ನೂ ಜೊತೆಗೇ ಮಾಡಿಸುವುದಾದರೆ ಮಾತ್ರ ಬೆಳಗಿನ ಕಾಫಿ ಬಿಟ್ಟು ಹೋಗಿ.