ಅತಿಥಿಗಳು ಕೇಳಿದ ಒಂದು ಲೆಕ್ಕ

ಪರದೇಶದಿಂದ ಬರುವ ಇಬ್ಬರು ಅತಿಥಿಗಳನ್ನು ನಾಲ್ಕು ದಿನ ಮನೆಯಲ್ಲಿ ಇರಿಸಿಕೊಳ್ಳುವಿರಾ ಎಂದು ಪೇಟೆಯ ರೋಟರಿ ಕ್ಲಬ್ಬಿನವರು ಕೇಳಿದಾಗ ನಮ್ಮ ಮನೆಮಂದಿಗೆಲ್ಲ ಅಳುಕಾಯಿತು. ಅದು 2002ರ ಜನವರಿ. ಒಂದು ಕಡೆ ರೋಬಸ್ಟಾ ಕುಯ್ಲು, ಇನ್ನೊಂದು ಕಡೆ ಅಡಿಕೆ ಸುಲಿತ. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಬಚ್ಚಲುಮನೆ ಹೊರಗೆ. ನಮ್ಮ ಊಟ ಅವರಿಗೆ ಹಿಡಿಸೀತೇ, ನಮ್ಮ ಮಾತು ತಿಳಿದೀತೇ? ಕಾಲೇಜು ಓದುತ್ತಿದ್ದ ಮಗಳು ಧೈರ್ಯ ಹೇಳಿದ್ದರಿಂದ ಒಪ್ಪಿಕೊಂಡೆವು.

ಈ ಯೋಜನೆಯ ಹೆಸರು ಗ್ರೂಪ್ ಸ್ಟಡಿ ಎಕ್ಸ್‌ಚೇಂಜ್. ರೋಟರಿ ಪ್ರತಿಷ್ಠಾನವು 1965ರಲ್ಲಿ ಇದನ್ನು ಆರಂಭಿಸಿತು. ಎರಡು ದೇಶಗಳ ರೋಟರಿ ಜಿಲ್ಲೆಗಳು ಜೋಡಿಯಾಗಿ ಪರಸ್ಪರ ತಂಡಗಳನ್ನು ಕಳುಹಿಸುತ್ತಿದ್ದವು. ತಂಡದ ನಾಯಕರು ಮಾತ್ರ ರೋಟರಿಯವರು. ಉಳಿದವರು ಕ್ಲಬ್ಬಿನ ಸದಸ್ಯರಲ್ಲದ, ಉದ್ಯೋಗದಲ್ಲಿರುವ ತರುಣ ತರುಣಿಯರು. ಪ್ರತಿಷ್ಠಾನವು ಪ್ರಯಾಣದ ವೆಚ್ಚ ಕೊಡುತ್ತಿತ್ತು. ಊಟ ವಸತಿ ಸ್ಥಳೀಯರದು. ಅತಿಥಿಗಳು ಮನೆಗಳಲ್ಲಿಯೇ ಉಳಿದು ಜನಜೀವನ ಕಾಣಬೇಕೆಂಬುದು ಅದರ ಮುಖ್ಯ ಉದ್ದೇಶ.

ನಮ್ಮ ಮನೆಗೆ ಬಂದವರು ಫ್ರಾನ್ಸ್ ದೇಶದವರು. ಒಬ್ಬರು ಶಾಲಾ ಶಿಕ್ಷಕಿ, ಇನ್ನೊಬ್ಬರು ದ್ರಾಕ್ಷಿ ಬೆಳೆಗಾರರ ಮನೆತನದಲ್ಲಿ ಹುಟ್ಟಿದವರು. ಕ್ಲಬ್ಬಿನಲ್ಲಿ ಹಾರ, ಭಾಷಣ, ಯಕ್ಷಗಾನದ ತುಣುಕು ಎಲ್ಲವೂ ಸಾಂಗವಾಗಿ ನಡೆದವು. ಮರುದಿನ ಅವರನ್ನು ಹತ್ತಿರದ ದೊಡ್ಡ ಎಸ್ಟೇಟಿಗೆ ಕರೆದೊಯ್ಯಬೇಕೆಂದು ನಾವು ಹೊಂಚಿದ್ದೆವು. ನಮ್ಮ ಐದೆಕರೆ ತೋಟದಲ್ಲಿ ನೋಡುವುದಕ್ಕೆ ಏನಿದೆ? ಆ ವರ್ಷ ಗೊಬ್ಬರವನ್ನೂ ಅರ್ಧಕ್ಕೇ ಹಾಕಿದ್ದೆವು. ಅದನ್ನು ಹೊರಗಿನವರ ಮುಂದೆ ತೆರೆದಿಡುವುದು ಬೇಡವೆನಿಸಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಅತಿಥಿಗಳಿಬ್ಬರೂ ಕಣದಲ್ಲಿದ್ದರು. ಹೆಣ್ಣಾಳುಗಳ ಜೊತೆಗೆ ನಿಂತು ಕಾಫಿ ಹಣ್ಣು ಕೆದಕುತ್ತಿದ್ದರು. ದಿನವೂ ಕಾಫಿ ಕುಡಿಯುವ ಆ ಶಿಕ್ಷಕಿ ಅಲ್ಲಿಯವರೆಗೆ ಕಾಫಿಯ ಹಣ್ಣನ್ನೇ ಕಂಡಿರಲಿಲ್ಲ. ಅವರು ಮಗಳ ಮೂಲಕ ಕೇಳಿದ ಪ್ರಶ್ನೆ ಇದು: “ನಾನು ಕುಡಿಯುವ ಒಂದು ಕಪ್ಪಿನಲ್ಲಿ ನಿಮಗೆ ಸೇರುವುದು ಎಷ್ಟು?”

ಮೂವತ್ತು ವರ್ಷ ಕಾಫಿ ಬೆಳೆದ ನಮಗೆ ಉತ್ತರ ಗೊತ್ತಿರಲಿಲ್ಲ. ಚೀಲದ ಲೆಕ್ಕ ಗೊತ್ತು, ಕಪ್ಪಿನ ಲೆಕ್ಕ ಎಂದೂ ಹಾಕಿರಲಿಲ್ಲ. ಅಲ್ಲಿಯೇ ಕುಳಿತು ಮಗಳ ನೋಟುಪುಸ್ತಕದಲ್ಲಿ ಲೆಕ್ಕ ಹಾಕಿದೆವು. ಸುಮಾರು ನಾಲ್ಕೂವರೆಯಿಂದ ಐದು ಕಿಲೋ ರೋಬಸ್ಟಾ ಹಣ್ಣಿಗೆ ಒಂದು ಕಿಲೋ ಬೇಳೆ. ಹುರಿದಾಗ ಅದರ ತೂಕ ನೂರಕ್ಕೆ 15ರಿಂದ 20ರಷ್ಟು ಇಳಿಯುತ್ತದೆ. ಕಪ್ಪಿಗೆ ಹತ್ತು ಗ್ರಾಂ ಪುಡಿ ಎಂದರೂ ಒಂದು ಕಿಲೋ ಬೇಳೆಯಿಂದ 80 ಕಪ್ಪು ಕಾಫಿ. ಶಿಕ್ಷಕಿ ತಮ್ಮ ಊರಿನ ಒಂದು ಕಪ್ಪಿನ ಬೆಲೆ ಹೇಳಿದರು. ರೂಪಾಯಿಗೆ ತಿರುಗಿಸಿ ನೋಡಿದರೆ, ಒಂದು ಕಿಲೋ ಬೇಳೆಗೆ ನಮಗೆ ಸಿಗುತ್ತಿದ್ದುದಕ್ಕಿಂತ ಅದು ಹೆಚ್ಚು!

ಅದು ಎಂಥ ಕಾಲವೆಂದು ಹಿರಿಯ ಬೆಳೆಗಾರರಿಗೆ ನೆನಪಿದೆ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರಲ್ಲಿ ನಿಂತುಹೋಗಿ, ವಿಯೆಟ್ನಾಮಿನ ರೋಬಸ್ಟಾ ಮಾರುಕಟ್ಟೆಗೆ ಧಾರಾಳವಾಗಿ ಹರಿದುಬಂದು, 2001-02ರಲ್ಲಿ ಧಾರಣೆ ಮೂರು ದಶಕಗಳಲ್ಲಿ ಕಾಣದಷ್ಟು ಕೆಳಗೆ ಬಿದ್ದಿತ್ತು. ಅಂಗಡಿಯ ಬಾಡಿಗೆ, ಕೂಲಿ, ತೆರಿಗೆ ಎಲ್ಲವೂ ಆ ಕಪ್ಪಿನ ಬೆಲೆಯಲ್ಲಿ ಸೇರಿವೆಯೆಂದು ಶಿಕ್ಷಕಿ ವಿವರಿಸಿದರು. ಅದು ನ್ಯಾಯವಾದ ಮಾತೇ. ಆದರೆ ಮುಚ್ಚಿಡಬೇಕೆಂದಿದ್ದ ನಮ್ಮ ಕಷ್ಟ ಆ ಹೊತ್ತಿಗೆ ತಾನಾಗಿಯೇ ಹೊರಬಿದ್ದಿತ್ತು. ಆ ಮೇಲೆ ದೊಡ್ಡ ಎಸ್ಟೇಟಿನ ಮಾತು ಯಾರೂ ಎತ್ತಲಿಲ್ಲ.

ದ್ರಾಕ್ಷಿ ಮನೆತನದವರು ಕೊಟ್ಟಿಗೆಯ ಮೂಲೆಯಲ್ಲಿದ್ದ ನೀಲಿ ಕಲೆಯ ಡ್ರಮ್ಮನ್ನು ಕಂಡು ನಕ್ಕರು. ಅಂಥದೇ ಡ್ರಮ್ಮು ಅವರ ಅಜ್ಜನ ಮನೆಯಲ್ಲಿಯೂ ಇತ್ತಂತೆ! ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಗಾಲ ಕಳೆಯುತ್ತಿದ್ದ ನಮ್ಮ ಹಿರಿಯರಿಗೆ ಈ ಔಷಧ ಹೊಡೆಯುವುದನ್ನು ತೋರಿಸಿಕೊಟ್ಟವರು, ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರದ ಹಿಂದೆಯೂ ಅವರ ಶ್ರಮವಿದೆ. ಒಂದು ಸೀಮೆಯ ಅನುಭವ ಇನ್ನೊಂದು ಸೀಮೆಯ ತೋಟ ಉಳಿಸುವುದೆಂದರೆ ಇದೇ ಅಲ್ಲವೇ?

ರಾತ್ರಿ ಊಟದ ನಂತರ ಜಗುಲಿಯಲ್ಲಿ ಮಾತು ಸಹಕಾರದ ಕಡೆಗೆ ಹೊರಳಿತು. ಅವರ ಸೀಮೆಯ ಸಣ್ಣ ಹಿಡುವಳಿದಾರರು ದ್ರಾಕ್ಷಿಯನ್ನು ಸಹಕಾರ ಸಂಘಕ್ಕೆ ಹಾಕುತ್ತಾರೆ. ಸಂಘವೇ ಹಿಂಡಿ, ದ್ರಾಕ್ಷಾರಸ ಮಾಡಿ, ತನ್ನ ಹೆಸರಿನಲ್ಲಿ ಮಾರುತ್ತದೆ. ನಾವೂ ಸುಮ್ಮನಿರಲಿಲ್ಲ. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದ ಸಂಗತಿಯನ್ನು ಹೆಮ್ಮೆಯಿಂದ ಹೇಳಿದೆವು. ಬೆಳೆಗಾರರ ಸಂಘವೊಂದು ಅಷ್ಟು ದೊಡ್ಡ ಕಾರ್ಖಾನೆ ನಡೆಸುತ್ತಿರುವುದನ್ನು ಕೇಳಿ ಅವರು ಬೆರಗಾಗಿ ಬರೆದುಕೊಂಡರು.

ಆ ಯೋಜನೆ 2013ರಲ್ಲಿ ಮುಗಿಯಿತು. ಅದರ ಬದಲಿಗೆ ವೃತ್ತಿ ತರಬೇತಿ ತಂಡಗಳ ಏರ್ಪಾಡು ಬಂದಿದೆ. 15ರಿಂದ 19 ವರ್ಷದ ವಿದ್ಯಾರ್ಥಿಗಳು ಪರದೇಶದ ಮನೆಗಳಲ್ಲಿದ್ದು ಕಲಿಯುವ ಯುವ ವಿನಿಮಯವೂ ಇದೆ. ಇಂಥ ಅತಿಥಿಗಳಿಗಾಗಿ ನಿಮ್ಮ ಪೇಟೆಯ ಕ್ಲಬ್ಬಿನವರು ಮನೆ ಕೇಳಿದರೆ, ಮನೆ ಚಿಕ್ಕದೆಂದು ಹಿಂಜರಿಯಬೇಡಿ. ಬಂದವರಿಗೆ ಕಣ ತೋರಿಸಿ, ಖರ್ಚಿನ ಪುಸ್ತಕವನ್ನೂ ತೋರಿಸಿ. ಅವರ ಕಸುಬಿನ ಲಾಭ ನಷ್ಟವನ್ನು ನೀವೂ ಕೇಳಿ. ನಮ್ಮ ಮಕ್ಕಳು ಅಲ್ಲಿಗೆ ಹೋಗುವ ದಾರಿ ಯಾವುದೆಂದು ವಿಚಾರಿಸಲು ಮರೆಯಬೇಡಿ.

ಆ ಇಬ್ಬರು ಹೊರಟಾಗ ಹಾರ ತುರಾಯಿಗಳನ್ನು ಮನೆಯಲ್ಲೇ ಬಿಟ್ಟುಹೋದರು. ಲೆಕ್ಕ ಬರೆದ ಹಾಳೆಯನ್ನು ಮಾತ್ರ ಕೇಳಿ ಪಡೆದರು, ಶಾಲೆಯಲ್ಲಿ ಮಕ್ಕಳಿಗೆ ತೋರಿಸಲೆಂದು. ಅದರ ನಕಲೊಂದು ನಮ್ಮ ಬಳಿ ಇದೆ. ಧಾರಣೆ ಬದಲಾದಾಗಲೆಲ್ಲ ಅದನ್ನು ತೆಗೆದು, ಕಪ್ಪಿನ ಲೆಕ್ಕವನ್ನು ಹೊಸದಾಗಿ ಹಾಕುತ್ತೇವೆ.