ಅತಿಶಯೋಕ್ತಿ ಮತ್ತು ಅನೃತ



“ಸಾವಿರ ಸಲ ಹೇಳಿದೆ, ನನ್ನ ಮಾತು ಕೇಳಲಿಲ್ಲ” ಎಂದು ತಾಯಿ ಮಗನನ್ನು ಗದರಿಸುತ್ತಾಳೆ. ಆಕೆ ಹೇಳಿದ್ದು ನಾಲ್ಕು ಸಲ ಇದ್ದೀತು. ಹಾಗೆಂದು ಆ ತಾಯಿ ಸುಳ್ಳಾಡಿದಳೆಂದು ಯಾರೂ ಅನ್ನುವುದಿಲ್ಲ. ಆದರೆ ಅಂಗಡಿಯವನು ಸಾಲದ ಖಾತೆಯಲ್ಲಿ ನಾಲ್ಕು ರೂಪಾಯಿಯನ್ನು ಸಾವಿರವೆಂದು ಬರೆದರೆ ಊರಿನಲ್ಲಿ ಪಂಚಾಯಿತಿ ಸೇರುತ್ತದೆ. ಹಿಗ್ಗಿಸಿದ್ದು ಎರಡೂ ಕಡೆ ಒಂದೇ ಅಳತೆ. ಆದರೂ ಒಂದು ಮಾತಿನ ಸೊಗಸು, ಇನ್ನೊಂದು ಮೋಸ. ಈ ಅಂತರವು ಎಲ್ಲಿಂದ ಬಂತೆಂಬುದನ್ನು ಇಂದು ವಿಚಾರ ಮಾಡೋಣ.

ಲೋಕದ ಎಲ್ಲೆಯನ್ನು ಮೀರಿ ಆಡುವ ಇಂಥ ಮಾತಿಗೆ ನಮ್ಮ ಆಲಂಕಾರಿಕರು ಅತಿಶಯೋಕ್ತಿ ಎಂದು ಹೆಸರಿಟ್ಟರು. ಅತಿಶಯವೆಂದರೆ ಮಿಗಿಲಾದುದು, ಉಕ್ತಿ ಎಂದರೆ ಮಾತು. ಭಾಮಹನೂ ದಂಡಿಯೂ ಇದನ್ನು ಹತ್ತರೊಡನೆ ಹನ್ನೊಂದೆಂದು ಎಣಿಸಲಿಲ್ಲ. ಉಳಿದ ಅಲಂಕಾರಗಳಿಗೂ ಇದೇ ಆಸರೆ ಎಂದು ಭಾವಿಸಿದರು. ಅದು ದಿಟವೇ. ಮುಖವನ್ನು ಚಂದ್ರನಿಗೆ ಹೋಲಿಸುವ ಉಪಮೆಯಲ್ಲಿಯೂ ಸ್ವಲ್ಪ ಹೆಚ್ಚುಗಾರಿಕೆ ಅಡಗಿಯೇ ಇದೆ. ಕ್ರಿ.ಶ. ೮೫೦ರ ಸುಮಾರಿಗೆ ಹುಟ್ಟಿದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದ್ದರಿಂದ ಈ ಶಾಸ್ತ್ರವು ಕನ್ನಡಕ್ಕೂ ಇಳಿದು ಬಂತು.

೧೧ನೆಯ ಶತಮಾನದಲ್ಲಿ ಕಾಶ್ಮೀರದ ಮಮ್ಮಟನು ತನ್ನ ಕಾವ್ಯಪ್ರಕಾಶದಲ್ಲಿ ಅತಿಶಯೋಕ್ತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ಶಾಸ್ತ್ರದ ಹೆಸರು ಕೇಳಿ ಅಂಜಬೇಕಾಗಿಲ್ಲ. ನಾಲ್ಕೂ ನಿಮ್ಮ ಮನೆಯಲ್ಲಿಯೇ ಇವೆ. ಕೂಸನ್ನು ಕಂಡು “ನಮ್ಮ ಮನೆಗೆ ಚಂದ್ರ ಬಂದ” ಎಂದಾಗ ಉಪಮಾನವು ಉಪಮೇಯವನ್ನು ನುಂಗಿಬಿಟ್ಟಿತು. ಕೂಸಿನ ಹೆಸರೇ ಅಲ್ಲಿಲ್ಲ. ಇದು ಮೊದಲನೆಯದು. “ಅವ್ವ ಬಡಿದ ರೊಟ್ಟಿಯ ರುಚಿಯೇ ಬೇರೆ” ಎನ್ನುವುದು ಎರಡನೆಯದು. ಹಿಟ್ಟು ಅದೇ, ಹಂಚು ಅದೇ, ಆದರೂ ಬೇರೆ ಎನ್ನುತ್ತೇವೆ. ಅಪ್ಪಯ್ಯ ದೀಕ್ಷಿತರ ಕುವಲಯಾನಂದದಲ್ಲಿ ಇದಕ್ಕೆ ಭೇದಕಾತಿಶಯೋಕ್ತಿ ಎಂದು ಹೆಸರು. “ಹೀಗಿದ್ದರೆ ಹಾಗಾದೀತು” ಎಂದು ಇಲ್ಲದ್ದನ್ನು ಕಲ್ಪಿಸುವುದು ಮೂರನೆಯದು. “ವೈದ್ಯರ ಮುಖ ಕಂಡೊಡನೆ, ಔಷಧ ಕುಡಿಯುವ ಮೊದಲೇ ಜ್ವರ ಬಿಟ್ಟಿತು” ಎಂದು ಕಾರಣಕ್ಕಿಂತ ಮುಂಚೆ ಕಾರ್ಯವನ್ನು ಹೇಳುವುದು ನಾಲ್ಕನೆಯದು.

ಹಾಗಾದರೆ ಎಲ್ಲೆ ಮೀರಿದ ಮಾತೆಲ್ಲ ಅಲಂಕಾರವೇ? ಅಲ್ಲ. ಭಾಮಹನು ಲಕ್ಷಣವನ್ನು ಹೇಳುವಾಗ ನಿಮಿತ್ತ ಎಂಬ ಒಂದು ಮಾತನ್ನು ಸೇರಿಸಿದ್ದಾನೆ. ಎಲ್ಲೆ ಮೀರುವುದಕ್ಕೂ ಒಂದು ಕಾರಣವಿರಬೇಕು. ತಾಯಿಯ “ಸಾವಿರ”ಕ್ಕೆ ಅವಳ ಬೇಸರವೇ ನಿಮಿತ್ತ. ಮಗನು ಅದನ್ನು ಎಣಿಸಲು ಕೂಡುವುದಿಲ್ಲ. ಬೇಸರ ಎಷ್ಟೆಂಬುದನ್ನು ಮಾತ್ರ ತಿಳಿಯುತ್ತಾನೆ. ಆಡುವವನಿಗೂ ಕೇಳುವವನಿಗೂ ಅದು ಹಿಗ್ಗಿಸಿದ ಮಾತೆಂದು ಗೊತ್ತಿರುವ ತನಕ ಅದು ಅಲಂಕಾರ. ಕೇಳುವವನು ಅದನ್ನೇ ನಿಜವೆಂದು ನಂಬಲಿ ಎಂದು ಆಡಿದರೆ ಅದು ಅನೃತ.

“ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು” ಎಂಬ ಗಾದೆಯನ್ನೇ ನೋಡಿರಿ. ಗಾದೆಯ “ಸಾವಿರ” ಅತಿಶಯೋಕ್ತಿ. ಆದರೆ ಸಂಬಂಧ ಕುದುರಿಸುವವನು ಎರಡು ಎಕರೆ ಬೆದ್ದಲನ್ನು ಇಪ್ಪತ್ತು ಎಕರೆ ನೀರಾವರಿ ಎಂದು ಹೇಳಿದರೆ ಅದು ಅತಿಶಯೋಕ್ತಿಯಲ್ಲ. ಹೆಣ್ಣಿನ ತಂದೆ ಅದನ್ನು ನಂಬಿಯೇ ಮಗಳನ್ನು ಕೊಡುತ್ತಾನೆ. ಆ ಮಾತಿನ ಸಾಲವನ್ನು ತೀರಿಸುವವಳು ಮಾತಾಡಿದವನಲ್ಲ, ಆ ಮನೆ ಸೇರಿದ ಹೆಣ್ಣುಮಗಳು. ಇಂಥ ಕಡೆ ಗಾದೆಯನ್ನು ಅಡ್ಡ ಹಿಡಿಯಬಾರದು.

ಸ್ತುತಿಯಲ್ಲಿಯೂ ಇದೇ ವಿವೇಕ ಬೇಕು. ಶಿವಮಹಿಮ್ನಸ್ತೋತ್ರದ ಕವಿಯು ಬೆಟ್ಟವನ್ನು ಮಸಿಯಾಗಿಸಿ, ಕಡಲನ್ನು ಮಸಿಕುಡಿಕೆಯಾಗಿಸಿ, ಶಾರದೆಯನ್ನೇ ಬರೆಯಲು ಕೂರಿಸುತ್ತಾನೆ. ಆದರೂ ಶಿವನ ಗುಣಗಳು ಮುಗಿಯವು ಎನ್ನುತ್ತಾನೆ. ಅಷ್ಟು ದೊಡ್ಡ ಕಲ್ಪನೆಯೂ ಅಲ್ಲಿ ಸಾಲದೆ ಹೋಯಿತು. ಅನಂತವಾದ ವಸ್ತುವೇ ಅಲ್ಲಿ ನಿಮಿತ್ತ. ಅದೇ ಬೆಟ್ಟ ಕಡಲುಗಳನ್ನು ಸನ್ಮಾನಪತ್ರದಲ್ಲಿ ಒಬ್ಬ ಮನುಷ್ಯನಿಗೆ ಸುರಿದರೆ ಓದುವವರು ನಗುತ್ತಾರೆ. ಆ ಮನುಷ್ಯನು ನಂಬಿದರೆ ಕೆಡುತ್ತಾನೆ.

ದಂಡಿಯು ಇದನ್ನು ಚೆನ್ನಾಗಿ ಬಲ್ಲವನು. ಲೋಕಕ್ಕೆ ಒಪ್ಪುವ ಹಿತವಾದ ವರ್ಣನೆಯನ್ನು ಕಾಂತಿ ಎಂಬ ಗುಣವೆಂದೂ, ಅದು ಮಿತಿಮೀರಿದರೆ ಅತ್ಯುಕ್ತಿ ಎಂದೂ ಬೇರ್ಪಡಿಸಿದನು. ಅವನು ಕೊಟ್ಟ ಉದಾಹರಣೆ ಮಠಕ್ಕೆ ನಡೆದುಕೊಳ್ಳುವ ನಿಮಗೂ ನಮಗೂ ತಕ್ಕದ್ದಾಗಿದೆ. ತಪಸ್ವಿಗಳ ಪಾದಧೂಳಿ ಬಿದ್ದ ಮನೆಯೇ ಮನೆ ಎಂದರೆ ಅದು ಕಾಂತಿ. ಆ ಧೂಳಿಯಿಂದ ಪಾಪವೆಲ್ಲ ತೊಳೆದುಹೋಗಿ ಇಂದಿನಿಂದ ನಮ್ಮ ಮನೆ ದೇಗುಲದಂತೆ ಪೂಜ್ಯವಾಯಿತು ಎಂದರೆ ಅದು ಅತ್ಯುಕ್ತಿ.

ನೀವು ನಮ್ಮನ್ನು ಮನೆಗೆ ಬರಮಾಡಿಕೊಂಡು ಇಂಥ ಮಾತನ್ನು ಪ್ರೀತಿಯಿಂದ ಆಡುತ್ತೀರಿ. ಪ್ರೀತಿಯನ್ನು ನಾವು ಸ್ವೀಕರಿಸುತ್ತೇವೆ, ಮಾತನ್ನು ನಿಮಗೇ ಒಪ್ಪಿಸುತ್ತೇವೆ. ಏಕೆಂದರೆ ನಾವು ಬಂದುಹೋದ ಮಾತ್ರಕ್ಕೆ ಪಾಪವೆಲ್ಲ ತೊಳೆಯಿತೆಂದು ನಂಬಿದವನಿಗೆ ಮರುದಿನ ತಕ್ಕಡಿ ಹಿಡಿದಾಗ ಅಂಜಿಕೆ ಎಲ್ಲಿಂದ ಬರಬೇಕು? ಹಾಡುವಾಗ, ಕೂಸನ್ನು ಆಡಿಸುವಾಗ, ದೇವರನ್ನು ನೆನೆಯುವಾಗ ಮಾತು ಎಷ್ಟಾದರೂ ಬೆಳೆಯಲಿ. ಅಳೆಯುವಾಗ, ಸಾಕ್ಷಿ ನುಡಿಯುವಾಗ, ಸಂಬಂಧ ಬೆಳೆಸುವಾಗ ಇದ್ದುದನ್ನು ಇದ್ದಷ್ಟೇ ಹೇಳಿರಿ. ಇಷ್ಟನ್ನು ನಿಮ್ಮ ಗಮನಕ್ಕೆ ತಂದು ವಿರಮಿಸುತ್ತೇವೆ.